ಕೈಕೆಲಸ, ಮಳೆ, ಪರದೆ

(ಶಿರಸಿಯಲ್ಲಿ ಸಿನಿಮಾಸಕ್ತರ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಸ್ನೇಹಿತರೇ, ಈಚೆಗೆ ನೋಡಿದ ಕೆಲವು ಸಿನಿಮಾಗಳನ್ನೂ ನಮ್ಮ ದಿನನಿತ್ಯದ ಬದುಕನ್ನೂ ಅಕ್ಕಪಕ್ಕ ಇಟ್ಟು ಮಾತಾಡಬೇಕು ಅಂತ ಇಲ್ಲಿನವರು ಕೇಳಿದ್ದಾರೆ. ಕಥೆ ಹೇಳಿ, ನಟನೆ ಚೆನ್ನಾಗಿದೆ, ಛಾಯಾಗ್ರಹಣ ಚೆನ್ನಾಗಿದೆ ಎಂದು ಮುಗಿಸಿದರೆ ಸಮಯ ವ್ಯರ್ಥ. ಕೆಲಸ ಮಾಡುವ ಕೈಗಳನ್ನು ಸಿನಿಮಾ ಹೇಗೆ ತೋರಿಸುತ್ತದೆ ಎಂಬ ಒಂದೇ ಎಳೆ ಹಿಡಿದು ಹೊರಡೋಣ. ತೋಟದ ಕೆಲಸ, ಅಡುಗೆಮನೆ, ಕಡಲು ಗೊತ್ತಿರುವವರು ಸಿನಿಮಾ ನೋಡುವುದನ್ನು ಅರ್ಧ ಕಲಿತೇ ಇರುತ್ತಾರೆ ಎನ್ನುವುದು ನನ್ನ ಗಟ್ಟಿ ನಂಬಿಕೆ.

ವಿಮ್ ವೆಂಡರ್ಸ್ ನಿರ್ದೇಶಿಸಿದ ‘ಪರ್ಫೆಕ್ಟ್ ಡೇಸ್’ (2023) ನಿಮ್ಮಲ್ಲಿ ಹಲವರು ನೋಡಿದ್ದೀರಿ. ಟೋಕಿಯೊದಲ್ಲಿ ಸಾರ್ವಜನಿಕ ಶೌಚಾಲಯ ತೊಳೆಯುವ ಒಬ್ಬ ಮನುಷ್ಯನ ದಿನಗಳು. ಕೋಜಿ ಯಾಕುಶೋ ಅವರಿಗೆ ಆ ವರ್ಷ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಆ ಪಾತ್ರ ಬಾಯಿ ಬಿಟ್ಟು ಆಡುವ ಮಾತು ಬಹಳ ಕಡಿಮೆ. ಆದರೆ ಒಂದು ಪುಟ್ಟ ಕನ್ನಡಿ ಹಿಡಿದು ಕಮೋಡಿನ ಅಂಚಿನ ಅಡಿಭಾಗ ನೋಡುತ್ತಾನಲ್ಲ, ಆ ಒಂದು ದೃಶ್ಯಕ್ಕೆ ಹತ್ತು ಸಂಭಾಷಣೆ ಸಮ ಬರುವುದಿಲ್ಲ. ಯಾರಾದರೂ ಒಳಗೆ ಬಂದರೆ ಕೈಯಲ್ಲಿದ್ದ ಕೆಲಸ ಅಷ್ಟಕ್ಕೇ ನಿಲ್ಲಿಸಿ ಹೊರಗೆ ಬಂದು ಕಾಯುತ್ತಾನೆ, ಅವರು ಹೋದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಾನೆ. ಬೆಳಿಗ್ಗೆ ಹಾಸಿಗೆ ಮಡಚುವುದು, ಮೀಸೆ ಕತ್ತರಿಸುವುದು, ಸಸಿಗಳಿಗೆ ನೀರು ಚಿಮುಕಿಸುವುದು, ಬಾಗಿಲ ಬಳಿಯ ಹಲಗೆಯ ಮೇಲಿಂದ ಕೀಲಿ, ಚಿಲ್ಲರೆ ಎತ್ತಿಕೊಳ್ಳುವುದು: ಎಲ್ಲವೂ ದಿನದಿನವೂ ಅದೇ ಕ್ರಮದಲ್ಲಿ ಬರುತ್ತವೆ. ಎರಡನೇ ದಿನಕ್ಕೇ ಆ ಕ್ರಮ ನಮಗೆ ಬಾಯಿಪಾಠ. ಮುಂದೆ ಒಂದು ದಿನ ಅದರಲ್ಲಿ ಒಂದು ಕೆಲಸ ತಪ್ಪಿದಾಗ ಯಾರೂ ವಿವರಿಸದೆಯೇ ನಮಗೆ ಕಸಿವಿಸಿ ಆಗುತ್ತದೆ.

ಜಿಯೋ ಬೇಬಿ ಅವರ ಮಲಯಾಳಂ ಚಿತ್ರ ‘ದ ಗ್ರೇಟ್ ಇಂಡಿಯನ್ ಕಿಚನ್’ (2021) ಇದೇ ಉಪಾಯವನ್ನು ಸಿಟ್ಟಿನ ಕಡೆ ತಿರುಗಿಸುತ್ತದೆ. ಹೆಚ್ಚುವುದು, ರುಬ್ಬುವುದು, ಬಡಿಸುವುದು, ಎಂಜಲು ತೆಗೆಯುವುದು, ತೊಳೆಯುವುದು; ಮತ್ತೆ ಹೆಚ್ಚುವುದು. ಪಾತ್ರೆ ತೊಳೆಯುವ ಸಿಂಕಿನ ಪೈಪು ಸೋರುತ್ತದೆ. ಪ್ಲಂಬರನ್ನು ಕರೆಸಿ ಎಂದು ಅವಳು ಹೇಳುತ್ತಲೇ ಇರುತ್ತಾಳೆ, ಗಂಡನಿಗೆ ಅದು ನೆನಪೇ ಇರುವುದಿಲ್ಲ. ಆ ಕೊಳೆನೀರನ್ನು ದಿನವೂ ಎತ್ತಿ ಚೆಲ್ಲಬೇಕಾದವಳು ಅವಳು. ಹಿನ್ನೆಲೆ ಸಂಗೀತ ತೀರಾ ಕಡಿಮೆ ಇರುವುದರಿಂದ ಕತ್ತಿ, ಒಗ್ಗರಣೆ, ನೀರು, ಪಾತ್ರೆ ಇವುಗಳದ್ದೇ ಸದ್ದು. ಇದನ್ನು ನೋಡುವಾಗ ಮನೆಯ ಗಂಡಸರು ಕಥೆ ಯಾವಾಗ ಶುರುವಾಗುತ್ತದೆ ಎಂದು ಕಾಯುತ್ತಾರೆ, ಹೆಂಗಸರಿಗೆ ಮೊದಲ ಹತ್ತು ನಿಮಿಷಕ್ಕೇ ಕಥೆ ಗೊತ್ತಾಗಿರುತ್ತದೆ. ಯಾರ ಕೈಗೆ ಯಾವ ಕೆಲಸ ಪರಿಚಯ ಎಂಬುದರ ಮೇಲೆ ಸಿನಿಮಾ ಬೇರೆಬೇರೆ ಹೊತ್ತಿಗೆ ಶುರುವಾಗುತ್ತದೆ.

ಈಗ ನಮ್ಮ ಕಡೆಗೆ ಬರೋಣ. ಅಡಿಕೆ ತೋಟದಲ್ಲಿ ಚಿತ್ರೀಕರಣ ಮಾಡುವವರು ಹೆಚ್ಚಿದ್ದಾರೆ. ತೋಟ ಕಣ್ಣಿಗೆ ಚಂದ, ಸಾಲು ಸಾಲು ಮರ, ನಡುವೆ ಬಿಸಿಲುಕೋಲು. ತೋಟ ತೋರಿಸಿದವರೆಲ್ಲ ಅಲ್ಲಿನ ಕೆಲಸ ತೋರಿಸಿದ್ದಾರೆ ಎನ್ನಲಾಗದು. ಎಲ್ಲಿ ತಪ್ಪುತ್ತದೆ ಎಂದು ಕೆಲಸ ಕೆಲಸವಾಗಿ ನೋಡಿದರೆ ತಿಳಿಯುತ್ತದೆ.

ಮೊದಲನೆಯದು ಕಾಲ. ಅಡಿಕೆಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮಳೆ ಹಿಡಿಯುವ ಮೊದಲು, ಮೇ ಕೊನೆಯಿಂದ ಜೂನ್ ಆರಂಭದೊಳಗೆ. ಎರಡನೇ ಸಲ ಹೊಡೆಯುವುದು 40ರಿಂದ 45 ದಿನ ಬಿಟ್ಟು, ಮಳೆ ಹೊಳವಾದ ಹೊತ್ತು ನೋಡಿಕೊಂಡು. ನಾಯಕ ಚಳಿಗಾಲದ ಇಬ್ಬನಿಯಲ್ಲಿ ಔಷಧಿ ಹೊಡೆಯುತ್ತಿದ್ದರೆ ಬರೆದವರು ತೋಟ ನೋಡಿಲ್ಲ ಎಂದರ್ಥ. ದ್ರಾವಣ ಮಾಡುವುದೇ ಎಷ್ಟು ಒಳ್ಳೆಯ ದೃಶ್ಯ ಆಗಬಹುದು ನೋಡಿ. 1 ಕಿಲೋ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ ಕರಗಿಸುತ್ತಾರೆ. ಇನ್ನೊಂದು ಡ್ರಮ್ಮಿನಲ್ಲಿ 1 ಕಿಲೋ ಸುಣ್ಣಕ್ಕೆ 50 ಲೀಟರ್ ನೀರು. ತುತ್ತದ ನೀರನ್ನು ಸುಣ್ಣದ ತಿಳಿಗೆ ನಿಧಾನ ಹೊಯ್ಯುತ್ತ ಕದಡಿದರೆ ಆಕಾಶನೀಲಿ ದ್ರಾವಣ. ಪಾತ್ರೆ ಪ್ಲಾಸ್ಟಿಕ್ಕಿನದೋ ಮರದ್ದೋ ಆಗಬೇಕು, ಕಬ್ಬಿಣದ್ದು ಕೂಡದು. ಸರಿಯಾಗಿದೆಯೋ ಎಂದು ನೋಡಲು ಉಜ್ಜಿ ಹೊಳಪು ಬರಿಸಿದ ಕತ್ತಿಯ ಅಲಗನ್ನು ಒಂದು ನಿಮಿಷ ಅದರಲ್ಲಿ ಅದ್ದಿ ತೆಗೆಯುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹಿಡಿದಿದ್ದರೆ ಸುಣ್ಣ ಸಾಲದು, ಇನ್ನಷ್ಟು ತಿಳಿ ಸೇರಿಸಬೇಕು; ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತದೆ. ಕತ್ತಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡುವ ಆ ಕ್ಷಣದಲ್ಲಿ ವರ್ಷದ ಫಸಲಿನ ಪ್ರಶ್ನೆ ಇದೆ. ಮಾತೇ ಬೇಡ. ಇಂಥದ್ದನ್ನು ಬಿಟ್ಟು ಸ್ಲೋ ಮೋಷನ್‌ನಲ್ಲಿ ಅಡಿಕೆ ಮರದ ತುದಿ ತೋರಿಸುತ್ತಾರೆ ಎಂಬುದೇ ಬೇಸರ.

ಎರಡನೆಯದು ಸುಲಿಯುವುದು. ಕೆಂಪಡಿಕೆ ಮಾಡುವವರು ಹಸಿಗಾಯಿ ಕೊಯ್ದ ಮೇಲೆ ಬೇಗ ಸುಲಿದು ಬೇಯಿಸಬೇಕು, ಇಟ್ಟರೆ ಕೆಡುತ್ತದೆ. ಅದಕ್ಕೇ ರಾತ್ರಿ ಹೊತ್ತಿನ ಸುಲಿತ, ಅದಕ್ಕೇ ಅಕ್ಕಪಕ್ಕದ ಮನೆಯವರು ಸೇರುವುದು, ಅದಕ್ಕೇ ಆ ಹೊತ್ತಿನ ಹರಟೆ. ಚಾಲಿ ಮಾಡುವವರಿಗೆ ಈ ಅವಸರ ಇಲ್ಲ: ಹಣ್ಣಡಿಕೆಯನ್ನು ಸಿಪ್ಪೆ ಸಮೇತ 40–45 ದಿನ ಬಿಸಿಲಿಗೆ ಒಣಗಿಸಿ ಬೇಸಿಗೆಯಲ್ಲಿ ಸುಲಿಯುತ್ತಾರೆ. ಹೀಗಾಗಿ ‘ರಾತ್ರಿ ದೀಪದಡಿ ಅಡಿಕೆ ಸುಲಿಯುವ ಕುಟುಂಬ’ ಎಂಬ ದೃಶ್ಯ ಬರೆಯುವವರು ಮೊದಲು ಯಾವ ಅಡಿಕೆ ಎಂದು ಕೇಳಿಕೊಳ್ಳಬೇಕು. ಮೆಟ್ಟುಗತ್ತಿಯ ಹಲಗೆಯನ್ನು ಕಾಲಲ್ಲಿ ಒತ್ತಿ ಹಿಡಿದರೆ ಎರಡೂ ಕೈ ಖಾಲಿ. ಕಾಯಿಯನ್ನು ಅಲಗಿಗೆ ಒತ್ತಿ, ತಿರುಚಿ, ಸಿಪ್ಪೆ ಬಿಡಿಸಿ, ಬೇಳೆ ಬುಟ್ಟಿಗೆ. ನುರಿತವರು ಕಾಯಿ ನೋಡುವುದೇ ಇಲ್ಲ. ಎದುರು ಕೂತವರ ಮುಖ ನೋಡುತ್ತ ಮಾತಾಡುತ್ತಾರೆ. ಹೊಸಬ ನಟನ ಕಣ್ಣು ಅಲಗಿನ ಮೇಲೇ ಇರುತ್ತದೆ, ಇರಲೇಬೇಕು, ಇಲ್ಲದಿದ್ದರೆ ಬೆರಳು ಹೋಗುತ್ತದೆ. ಕೈ ನಟಿಸುತ್ತಿದೆಯೋ ಕೆಲಸ ಮಾಡುತ್ತಿದೆಯೋ ಎಂದು ತಿಳಿಯಲು ಕಣ್ಣು ಎಲ್ಲಿದೆ ನೋಡಿ. ಯಾವ ಕಸುಬಿಗಾದರೂ ಈ ಪರೀಕ್ಷೆ ನಡೆಯುತ್ತದೆ: ಬಲೆ ಹೆಣೆಯುವವರು, ಹಾಲು ಕರೆಯುವವರು, ಮೀನು ಹೆರೆಯುವವರು.

ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವುದರ ಬಗ್ಗೆ ಒಂದೇ ಮಾತು. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಮರದಿಂದ ಮರಕ್ಕೆ ದಾಟುವುದನ್ನು ತೋರಿಸಿದರೆ ಕಥೆಯ ಕಾಲ ಹಿಂದಿನದು ಅನಿಸುತ್ತದೆ. ಈಗಿನ ಕಥೆಯಾದರೆ ಎಷ್ಟೋ ತೋಟಗಳಲ್ಲಿ ಕಾರ್ಬನ್ ಫೈಬರ್ ದೋಟಿ (ಕೊಯ್ಯುವ ಉದ್ದ ಕೋಲು) ಬಂದಿದೆ, ನೆಲದ ಮೇಲೆ ನಿಂತೇ ಕೊನೆ ಇಳಿಸುತ್ತಾರೆ. ಕಲಾ ನಿರ್ದೇಶಕರು ಮನೆಯ ಹಳೇ ರೇಡಿಯೊ ಹುಡುಕುವುದಕ್ಕೆ ಪಡುವ ಶ್ರಮದ ಕಾಲುಭಾಗ ಇದಕ್ಕೆ ಪಟ್ಟರೆ ಸಾಕು.

ಮಳೆಯ ವಿಷಯ ದೊಡ್ಡದು, ಅದನ್ನು ಬಿಡಿಸಿ ಹೇಳಬೇಕು. ‘ನಮ್ಮಲ್ಲಿ ಇಷ್ಟು ಮಳೆ ಬೀಳುತ್ತದೆ, ಸಿನಿಮಾದವರು ಯಾಕೆ ಟ್ಯಾಂಕರ್ ತರಿಸುತ್ತಾರೆ?’ ಎಂದು ಎಲ್ಲರೂ ಕೇಳುತ್ತಾರೆ. ಕಾರಣ ಸರಳ: ನಿಜವಾದ ಮಳೆ ಕ್ಯಾಮೆರಾಕ್ಕೆ ಸುಲಭವಾಗಿ ಕಾಣುವುದಿಲ್ಲ. ಸಿನಿಮಾ ಸೆಕೆಂಡಿಗೆ 24 ಚಿತ್ರ ತೆಗೆಯುತ್ತದೆ, ಒಂದೊಂದಕ್ಕೂ ಶಟರ್ ಸಾಮಾನ್ಯವಾಗಿ ಸೆಕೆಂಡಿನ 48ನೇ ಒಂದು ಭಾಗ ತೆರೆದಿರುತ್ತದೆ. ದೊಡ್ಡ ಹನಿ, ಅಂದರೆ 5 ಮಿಲಿಮೀಟರ್ ದಪ್ಪದ್ದು, ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬೀಳುತ್ತದೆ. ಲೆಕ್ಕ ಹಾಕಿದರೆ ಶಟರ್ ತೆರೆದಿದ್ದಷ್ಟು ಹೊತ್ತಿನಲ್ಲಿ ಹನಿ ಹೆಚ್ಚುಕಡಿಮೆ 19 ಸೆಂಟಿಮೀಟರ್ ಇಳಿದಿರುತ್ತದೆ. ಪರದೆಯ ಮೇಲೆ ಅದು ಹನಿಯಾಗಿ ಬರುವುದಿಲ್ಲ, ಒಂದು ತೆಳು ಗೆರೆಯಾಗಿ ಬರುತ್ತದೆ. ಮೋಡದ ದಿನದ ಬಿಳಿ ಆಕಾಶದ ಎದುರು ಆ ಗೆರೆ ಪೂರ್ತಿ ಅಳಿಸಿಹೋಗುತ್ತದೆ.

ಗೆರೆ ಕಾಣಬೇಕಾದರೆ ಎರಡು ಬೇಕು: ಹಿಂದೆ ಕಪ್ಪು, ಹಿಂದಿನಿಂದ ಬೆಳಕು. ಹಿಂಬದಿಯ ಬೆಳಕು ಹನಿಯೊಳಗೆ ಬಾಗಿ ಕ್ಯಾಮೆರಾ ಕಡೆ ಬಂದಾಗ ಮಾತ್ರ ಹನಿ ಹೊಳೆಯುತ್ತದೆ. ಮುಂದಿನಿಂದ ಬೆಳಕು ಬಿಟ್ಟರೆ ನಟನ ಮುಖ ಕಂಡೀತು, ಮಳೆ ಕಾಣದು. ರಾತ್ರಿ ಮನೆಯ ಹೊರದೀಪದ ಕೆಳಗಿನ ಮಳೆಯನ್ನು ಜಗಲಿಯ ಕತ್ತಲಿನಿಂದ ನೋಡಿದರೆ ಇದು ಅರ್ಥವಾಗುತ್ತದೆ. ದೀಪದ ಬುಡದಲ್ಲಿ ನಿಂತು ಕತ್ತಲ ಕಡೆ ನೋಡಿದರೆ ಅದೇ ಮಳೆ ಮಾಯ. ಟ್ಯಾಂಕರ್ ತರಿಸುವುದು ಹನಿಯ ಗಾತ್ರ ಹೆಚ್ಚಿಸಲು, ಬೇಕೆಂದಾಗ ನಿಲ್ಲಿಸಲು, ಒಂದು ಶಾಟಿನಿಂದ ಇನ್ನೊಂದಕ್ಕೆ ಮಳೆ ಒಂದೇ ರೀತಿ ಇರಿಸಿಕೊಳ್ಳಲು. ನಿಜದ ಮಳೆ ಹತ್ತು ನಿಮಿಷಕ್ಕೆ ಹತ್ತು ಬಗೆ, ಅದನ್ನು ಕತ್ತರಿಸಿ ಜೋಡಿಸುವುದು ಬಹಳ ಕಷ್ಟ.

ಟ್ಯಾಂಕರ್ ಮಳೆ ಸಿಕ್ಕಿಬೀಳುವುದು ಎಲ್ಲಿ? ದೂರದ ಗುಡ್ಡದಲ್ಲಿ. ಆಷಾಢದ ಮಳೆ ಸುರಿಯುವಾಗ ಎದುರಿನ ಗುಡ್ಡ ಇರುವುದಿಲ್ಲ, ಬೂದಿ ಬಣ್ಣದ ಗೋಡೆ ಮಾತ್ರ. ಪರದೆಯ ಮೇಲೆ ಧೋ ಎಂದು ಸುರಿಯುತ್ತಿರುವಾಗ ಹಿಂದಿನ ಗುಡ್ಡದ ಮರ ಎಣಿಸುವಷ್ಟು ಸ್ಪಷ್ಟವಿದ್ದರೆ, ನಟನ ನೆರಳು ನೆಲದ ಮೇಲೆ ಬಿದ್ದಿದ್ದರೆ, ಅದು ಬಿಸಿಲಲ್ಲಿ ಹಾರಿಸಿದ ನೀರು. ಬಟ್ಟೆ ನೋಡಿ: ಪೈಪಿನ ನೀರು ತಲೆ, ಭುಜದಿಂದ ಒದ್ದೆ ಮಾಡುತ್ತದೆ. ನಮ್ಮಲ್ಲಿ ಕೊಡೆ ಹಿಡಿದು ನಡೆದವರು ಮೊಣಕಾಲ ಕೆಳಗೆ ಪೂರ್ತಿ ತೊಯ್ದಿರುತ್ತಾರೆ, ಮೇಲೆ ಒಣಗಿರುತ್ತಾರೆ. ಸೂರಿನ ಅಂಚಿನ ಕೆಳಗೆ ನೆಲದಲ್ಲಿ ಹನಿ ಕೊರೆದ ಗುಳಿಗಳ ಸಾಲು ಇರಬೇಕು. ಚಿರೇಕಲ್ಲಿನ ಪಾಗಾರಕ್ಕೆ, ಅಂದರೆ ಕಾಂಪೌಂಡ್ ಗೋಡೆಗೆ, ಹಾವಸೆ (ಪಾಚಿ) ಹತ್ತಿ ಹಸಿರಾಗಿರಬೇಕು. ಹಾವಸೆ ಹತ್ತಲು ವಾರಗಟ್ಟಲೆ ಮಳೆ ಬೇಕು, ಟ್ಯಾಂಕರಿಗೆ ಅದು ಸಾಧ್ಯವಿಲ್ಲ. ಜುಲೈ ತಿಂಗಳ ಕಥೆ, ಜೋರು ಮಳೆ, ಆದರೆ ಪಾಗಾರ ಕಂದು ಬಣ್ಣದ ಒಣಕಲ್ಲು ಎಂದಾದರೆ ಚಿತ್ರೀಕರಣ ನಡೆದದ್ದು ಫೆಬ್ರವರಿ, ಮಾರ್ಚಿನಲ್ಲಿ.

ಗಿರೀಶ್ ಕಾಸರವಳ್ಳಿಯವರ ‘ದ್ವೀಪ’ (2002) ಮತ್ತೆ ನೋಡುವಾಗ ಈ ದೃಷ್ಟಿ ಇಟ್ಟುಕೊಳ್ಳಿ. ಹಿನ್ನೀರು ಏರುತ್ತಿರುವ ಊರಿನ ಕಥೆ, ನಾ. ಡಿಸೋಜ ಅವರ ಕಾದಂಬರಿ ಆಧರಿಸಿದ್ದು. ಎಚ್.ಎಂ. ರಾಮಚಂದ್ರ ಅವರ ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅಲ್ಲಿ ಮಳೆ ಪ್ರೇಮಗೀತೆಗೆ ಒದಗುವ ಅಲಂಕಾರವಾಗಿ ಬರುವುದಿಲ್ಲ. ಮನೆ ಬಿಡಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಒತ್ತಡ ಹಾಕುವ ಶಕ್ತಿಯಾಗಿ ಬರುತ್ತದೆ. ಮಳೆ ಕೆಲಸ ಮಾಡುವ ಸಿನಿಮಾ ಅದು.

ಮಳೆಯ ಸದ್ದಿನ ಬಗ್ಗೆಯೂ ಹೇಳಬೇಕು. ಹಂಚಿನ ಮೇಲೆ ಒಂದು ಸದ್ದು, ತಗಡಿನ ಮೇಲೆ ಇನ್ನೊಂದು, ಸೋಗೆ ಹೊದೆಸಿದಲ್ಲಿ ಬರೀ ಗುಜುಗುಜು. ತಗಡಿನ ಮಾಡಿನ ಕೆಳಗೆ ಜೋರು ಮಳೆಯಲ್ಲಿ ಮನುಷ್ಯರು ಮಾತಾಡುವ ರೀತಿಯೇ ಬದಲಾಗುತ್ತದೆ: ಹತ್ತಿರ ಬರುತ್ತಾರೆ, ಕೂಗುತ್ತಾರೆ, ವಾಕ್ಯ ಚಿಕ್ಕದಾಗುತ್ತದೆ, ಅರ್ಧ ಮಾತು ಕೈಸನ್ನೆಯಲ್ಲಿ ಮುಗಿಯುತ್ತದೆ. ಸಿನಿಮಾದಲ್ಲಿ ಇಬ್ಬರು ಹತ್ತಡಿ ದೂರ ಕೂತು ಪಿಸುಮಾತಿನಲ್ಲಿ ದುಃಖ ಹೇಳಿಕೊಳ್ಳುತ್ತಾರೆ, ಮೇಲೆ ತಗಡು. ಸ್ಟುಡಿಯೊದಲ್ಲಿ ಡಬ್ಬಿಂಗ್ ಮಾಡಿದ ಧ್ವನಿಗೆ ಆಮೇಲೆ ಮಳೆ ಸೇರಿಸಿದ್ದರಿಂದ ಹೀಗಾಗುತ್ತದೆ. ಸಿಂಕ್ ಸೌಂಡ್, ಅಂದರೆ ಚಿತ್ರೀಕರಣದ ಜಾಗದಲ್ಲೇ ಧ್ವನಿ ಹಿಡಿಯುವ ಕ್ರಮ, ಇದಕ್ಕೆ ಒಳ್ಳೆಯದು. ಆದರೆ ಟ್ಯಾಂಕರ್ ಪಂಪಿನ ಗದ್ದಲದಲ್ಲಿ ಅದೂ ಸಾಗದು. ನಮ್ಮ ಕಾಡಿನಲ್ಲಿ ಇನ್ನೊಂದು ತೊಡಕು ಜೀರುಂಡೆ. ಸಂಜೆ ಆರರ ಶಾಟಿನಲ್ಲಿ ಜೀರುಂಡೆ ಕೂಗುತ್ತದೆ, ಏಳರ ಶಾಟಿನಲ್ಲಿ ಸುಮ್ಮನಿರುತ್ತದೆ. ಎರಡನ್ನೂ ಜೋಡಿಸಿದರೆ ಸದ್ದು ತಟಕ್ಕನೆ ಕಡಿಯುತ್ತದೆ. ತಿಳಿದವರು ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಬರೀ ಪರಿಸರದ ಸದ್ದು ಹಿಡಿದಿಟ್ಟುಕೊಂಡು, ಆ ಬಿರುಕುಗಳಿಗೆ ಅದನ್ನು ಹಾಸುತ್ತಾರೆ.

ಕರಾವಳಿಯವರು ಕೆಲವರು ಬಂದಿದ್ದೀರಿ, ನಿಮಗೆ ಇದು ಗೊತ್ತಿರುವುದೇ. ಕಾರವಾರದಲ್ಲಿ ಸೂರ್ಯ ಕಡಲಿಗೆ ಇಳಿಯುತ್ತಾನೆ, ಹುಟ್ಟುವುದು ಸಹ್ಯಾದ್ರಿಯ ಕಡೆಯಿಂದ. ಕಡಲಿನಿಂದ ಸೂರ್ಯ ಮೇಲೇರುವ ಶಾಟ್ ಕಂಡರೆ ಅದು ಸೂರ್ಯಾಸ್ತವನ್ನು ಹಿಮ್ಮುಖ ಓಡಿಸಿದ್ದು. ಅಲೆಗಳನ್ನು ನೋಡಿ, ದಡದಿಂದ ಹಿಂದಕ್ಕೆ ಸುರುಳಿ ಬಿಚ್ಚುತ್ತಿರುತ್ತವೆ. ಭರತ ಇಳಿತ ಇನ್ನೊಂದು ಸಾಕ್ಷಿ. ಒಂದು ಭರತದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಬೆಳಿಗ್ಗೆ ಶುರು ಮಾಡಿದ ದೃಶ್ಯವನ್ನು ಮಧ್ಯಾಹ್ನ ಮುಗಿಸಿದರೆ ನಟರ ಹಿಂದಿನ ಹಸಿಮರಳಿನ ಗೆರೆ ಎಷ್ಟೋ ಮುಂದಕ್ಕೆ, ಹಿಂದಕ್ಕೆ ಹೋಗಿರುತ್ತದೆ. ದೋಣಿಯ ವಿಷಯವೂ ಹಾಗೆಯೇ: ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ಟ್ರಾಲ್ ಬೋಟುಗಳೆಲ್ಲ ಬಂದರಿನಲ್ಲಿ ಒಟ್ಟೊಟ್ಟಿಗೆ ಕಟ್ಟಿರುತ್ತವೆ, ಬಲೆ ರಿಪೇರಿ ನಡೆಯುತ್ತದೆ, ಸಣ್ಣ ನಾಡದೋಣಿ ಮಾತ್ರ ಇಳಿಯುತ್ತದೆ. ಮಳೆಗಾಲದ ಕಥೆಯಲ್ಲಿ ಟ್ರಾಲ್ ಬೋಟ್ ಹೊರಟರೆ ಬರೆದವರು ಬಂದರಿಗೆ ಹೋಗಿಲ್ಲ. ಆ ಎರಡು ತಿಂಗಳ ಬಿಡುವು, ಕೈಯಲ್ಲಿ ಕಾಸಿಲ್ಲದ ಆ ದಿನಗಳು, ಒಳ್ಳೆಯ ಕಥೆಗೆ ಬೇಕಾದಷ್ಟು ಒದಗಿಸುತ್ತವೆ.

ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆಸ್ ಲೈಟ್’ (2024), ಕಾನ್‌ನಲ್ಲಿ ಗ್ರ್ಯಾನ್ ಪ್ರಿ ಪ್ರಶಸ್ತಿ ಪಡೆದ ಚಿತ್ರ, ಮುಂಬೈಯ ಮಳೆಯಲ್ಲಿ ಶುರುವಾಗಿ ರತ್ನಾಗಿರಿಯ ಕಡಲತೀರಕ್ಕೆ ಬರುತ್ತದೆ. ಕಾರವಾರದವರಿಗೆ ಆ ದ್ವಿತೀಯಾರ್ಧದ ಕೆಂಪುಮಣ್ಣು, ಕಲ್ಲು, ಗಾಳಿ ಎಲ್ಲ ಮನೆಯದೇ ಅನಿಸುತ್ತದೆ. ಅದರಲ್ಲಿ ನಾನು ನಿಮ್ಮ ಗಮನ ಸೆಳೆಯಬೇಕೆಂದಿರುವುದು ಒಂದು ರೈಸ್ ಕುಕ್ಕರ್ ಕಡೆಗೆ. ಜರ್ಮನಿಯಲ್ಲಿದ್ದು ಸಂಪರ್ಕವೇ ತಪ್ಪಿಹೋದ ಗಂಡ ಕಳಿಸಿದ್ದಿರಬಹುದಾದ ಕುಕ್ಕರ್, ಯಾರ ಹೆಸರೂ ಇಲ್ಲದೆ ಬರುತ್ತದೆ. ನರ್ಸ್ ಪ್ರಭಾ ರಾತ್ರಿ ನೆಲದ ಮೇಲೆ ಕೂತು ಅದನ್ನು ತಬ್ಬಿಕೊಳ್ಳುತ್ತಾಳೆ. ದಿನಬಳಕೆಯ ಒಂದು ಪಾತ್ರೆಗೆ ಇಷ್ಟು ಭಾರ ಹೊರಿಸಲು ಸಾಧ್ಯವಾದದ್ದು ಅವಳ ದಿನಚರಿಯನ್ನು ಮೊದಲೇ ಸಾವಕಾಶವಾಗಿ ತೋರಿಸಿದ್ದರಿಂದ.

ಇಷ್ಟೆಲ್ಲ ನೋಡಬೇಕಾದರೆ ಮೊದಲು ಸರಿಯಾಗಿ ಕಾಣಬೇಕು, ಕೇಳಬೇಕು. ನಮ್ಮಲ್ಲಿ ಬಹುಪಾಲು ಜನ ಈಗ ಸಿನಿಮಾ ನೋಡುವುದು ಮನೆಯ ಟಿವಿಯಲ್ಲಿ. ಅಂಗಡಿಯಿಂದ ಬಂದ ಟಿವಿಯ ಸೆಟ್ಟಿಂಗ್ ಅಂಗಡಿಯ ಬೆಳಕಿಗೆ ಮಾಡಿದ್ದು, ಮನೆಗೆ ಆಗುವುದಿಲ್ಲ. ಪಿಕ್ಚರ್ ಮೋಡ್ ‘ವಿವಿಡ್’ ಇದ್ದರೆ ತೆಗೆದು ‘ಸಿನಿಮಾ’, ‘ಮೂವಿ’ ಅಥವಾ ‘ಫಿಲ್ಮ್‌ಮೇಕರ್’ ಇಡಿ. ಮೊದಲೆರಡು ದಿನ ಚಿತ್ರ ಹಳದಿ, ಮಂಕು ಅನಿಸುತ್ತದೆ. ಕಣ್ಣು ಒಗ್ಗಿದ ಮೇಲೆ ಮನುಷ್ಯರ ಮೈಬಣ್ಣ, ಎಲೆಯ ಹಸಿರಿನ ಬಗೆಗಳು ಬೇರೆಬೇರೆಯಾಗಿ ಕಾಣತೊಡಗುತ್ತವೆ. ವಿವಿಡ್‌ನಲ್ಲಿ ತೋಟ, ಗದ್ದೆ, ಕಾಡು ಎಲ್ಲ ಒಂದೇ ಹಸಿರು. ಶಾರ್ಪ್‌ನೆಸ್ ತೀರಾ ಕೆಳಗಿಳಿಸಿ, ಇಲ್ಲದಿದ್ದರೆ ಅಂಚಿಗೆಲ್ಲ ಬಿಳಿ ಗೆರೆ ಹತ್ತುತ್ತದೆ. ಎಲ್ಲಕ್ಕಿಂತ ಮುಖ್ಯ, ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಕಂಪನಿಗೊಂದು ಹೆಸರು ಇರುತ್ತದೆ, ಹೆಸರಿನಲ್ಲಿ ‘ಮೋಷನ್’ ಎಂದಿದ್ದರೆ ಅದೇ. ಸೆಕೆಂಡಿಗೆ 24 ಇರುವ ಚಿತ್ರಗಳ ನಡುವೆ ಟಿವಿ ತಾನೇ ಚಿತ್ರ ಕಟ್ಟಿ ತುಂಬುತ್ತದೆ, ಸಿನಿಮಾ ಧಾರಾವಾಹಿಯಂತಾಗುತ್ತದೆ, ಓಡುವ ಕಾಲಿನ ಸುತ್ತ ಕಲಸಿದಂತೆ ಕಾಣುತ್ತದೆ. ‘ಪರ್ಫೆಕ್ಟ್ ಡೇಸ್’ ಹಳೇ ಕಾಲದ ಚೌಕದ ಹತ್ತಿರದ ಅಳತೆಯಲ್ಲಿದೆ, ಟಿವಿಯ ಎಡಬಲದಲ್ಲಿ ಕಪ್ಪು ಬರುತ್ತದೆ. ಅದನ್ನು ತುಂಬಲು ಜೂಮ್ ಒತ್ತಬೇಡಿ, ಮೇಲೆ ಕೆಳಗೆ ಕತ್ತರಿಸಿಹೋಗುತ್ತದೆ.

ಕೂರುವ ದೂರ: 43 ಇಂಚಿನ ಟಿವಿಗೆ 6 ಅಡಿ, 55 ಇಂಚಿಗೆ ಏಳೂವರೆ ಅಡಿ. ನಮ್ಮ ಹಳೇ ಮನೆಗಳ ಉದ್ದ ಜಗಲಿಯಲ್ಲಿ 15 ಅಡಿ ಆಚೆ ಕೂತು ನೋಡುವ ರೂಢಿ ಇದೆ, ಅಷ್ಟು ದೂರಕ್ಕೆ ಕನ್ನಡಿಯಲ್ಲಿ ಕಮೋಡಿನ ಅಂಚು ಕಾಣುವುದಿಲ್ಲ.

‘ಮಾತು ಕೇಳುವುದಿಲ್ಲ, ಫೈಟ್ ಬಂದರೆ ಕಿವಿ ಒಡೆಯುತ್ತದೆ’ ಎಂಬ ದೂರು ಪ್ರತಿ ಮನೆಯಲ್ಲೂ ಇದೆ. ಓಟಿಟಿಯಲ್ಲಿ ಹೆಚ್ಚಾಗಿ ಬರುವುದು 5.1 ಮಿಶ್ರಣ: ಮಾತಿಗೇ ಒಂದು ಮಧ್ಯದ ಸ್ಪೀಕರ್ ಇದೆ ಎಂದು ಭಾವಿಸಿ ಮಾಡಿದ್ದು. ನಿಮ್ಮ ಟಿವಿಗೆ ಇರುವುದು ಎರಡು ಪುಟ್ಟ ಸ್ಪೀಕರ್, ಅದೂ ಹೆಚ್ಚಾಗಿ ನೆಲದ ಕಡೆಗೋ ಗೋಡೆ ಕಡೆಗೋ ಮುಖ ಮಾಡಿ. ಆ್ಯಪ್‌ನ ಆಡಿಯೊ ಆಯ್ಕೆಯಲ್ಲಿ 5.1 ಬಿಟ್ಟು ಸ್ಟೀರಿಯೊ ಆರಿಸಿ; ಟಿವಿಯ ಸೌಂಡ್ ಮೆನುವಿನಲ್ಲಿ ನೈಟ್ ಮೋಡ್ ಇದ್ದರೆ ಹಾಕಿ. ಅರ್ಧಕ್ಕರ್ಧ ತೊಂದರೆ ಅಲ್ಲೇ ಹೋಗುತ್ತದೆ.

ನೆಟ್‌ವರ್ಕ್ ಬಗ್ಗೆ ಹಳ್ಳಿಯವರಿಗೆ ಹೆಚ್ಚು ಹೇಳಬೇಕಿಲ್ಲ, ಒಂದು ಕಾರಣ ಮಾತ್ರ ತಿಳಿದಿರಲಿ. ವಿಡಿಯೊ ಕಳಿಸುವಾಗ ಹಿಂದಿನ ಚಿತ್ರಕ್ಕೂ ಈ ಚಿತ್ರಕ್ಕೂ ಬದಲಾದಷ್ಟನ್ನೇ ಕಳಿಸುತ್ತಾರೆ. ಗೋಡೆಯ ಎದುರು ಮಾತಾಡುವ ಮುಖ ಸುಲಭ. ಮಳೆ, ನೊರೆ, ಗಾಳಿಗೆ ಅಲುಗುವ ಎಲೆಗಳಲ್ಲಿ ಪ್ರತಿ ಚುಕ್ಕೆಯೂ ಬದಲಾಗುತ್ತದೆ, ಅಲ್ಲೇ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಅಂದರೆ ನಮ್ಮ ಸೀಮೆಯ ಸಿನಿಮಾ ನಮ್ಮ ಸೀಮೆಯ ನೆಟ್‌ವರ್ಕಿನಲ್ಲೇ ಅತಿ ಕೆಟ್ಟದಾಗಿ ಕಾಣುತ್ತದೆ. ಆ್ಯಪ್‌ನಲ್ಲಿ ಡೌನ್‌ಲೋಡ್ ಅವಕಾಶ ಇದ್ದರೆ ರಾತ್ರಿ ಹಾಕಿಟ್ಟು ಮರುದಿನ ನೋಡಿ. ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೆ ಬೇಕಾಗಬಹುದು.

ಊರಿನವರೆಲ್ಲ ಕೂತು ನೋಡಬೇಕೆಂದರೆ ಪ್ರೊಜೆಕ್ಟರ್. 10 ಅಡಿ ಅಗಲದ ಪರದೆಗೆ, ಪೂರ್ತಿ ಕತ್ತಲಲ್ಲಿ, ನಿಜವಾದ 1000 ಎಎನ್‌ಎಸ್‌ಐ ಲುಮೆನ್ (ಪ್ರೊಜೆಕ್ಟರಿನ ಬೆಳಕು ಅಳೆಯುವ ಪ್ರಮಾಣಿತ ಅಳತೆ) ಸಾಕು. ಅಗ್ಗದ ಪ್ರೊಜೆಕ್ಟರ್ ಪೆಟ್ಟಿಗೆಯ ಮೇಲಿನ 9000, 12000 ಎಂಬ ಅಂಕಿ ಬೇರೆ ಅಳತೆಯದು, ನಂಬಬೇಡಿ. ‘ಎಎನ್‌ಎಸ್‌ಐ’ ಎಂದು ಬರೆದಿದೆಯೋ ನೋಡಿ. ಬಿಳಿ ಪಂಚೆ ಕಟ್ಟಿದರೆ ಬೆಳಕು ಆಚೆ ಸೋರುತ್ತದೆ, ಹಿಂದೆ ಕಪ್ಪು ತಾಡಪಾಲು ಕಟ್ಟಬೇಕು. ಬರೀ ಮೇಲೆ ಕಟ್ಟಿ ಬಿಟ್ಟರೆ ಗಾಳಿಗೆ ಉಬ್ಬುತ್ತದೆ, ಕೆಳಗಿನ ಅಂಚನ್ನೂ ಅಡಿಕೆ ದಬ್ಬೆಗೆ (ಸೀಳಿದ ಅಡಿಕೆ ಮರ) ಬಿಗಿಯಬೇಕು. ಸ್ಪೀಕರನ್ನು ಪರದೆಯ ಎರಡೂ ಬದಿಗೆ ಕೂತವರ ಕಿವಿಯ ಎತ್ತರಕ್ಕೆ ಇಡಿ. ಯಾವಾಗ ಎಂಬುದು ದೊಡ್ಡ ಪ್ರಶ್ನೆ. ಡಿಸೆಂಬರಿನಿಂದ ಅಂಗಳದ ತುಂಬ ಅಡಿಕೆ ಹರಡಿರುತ್ತದೆ, ಜತೆಗೆ ರಾತ್ರಿ ಇಬ್ಬನಿ ಪ್ರೊಜೆಕ್ಟರಿನ ಮೇಲೆ ಇಳಿಯುತ್ತದೆ. ಮೇ ಕೊನೆಗೆ ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಗೆದ್ದಲು ಎದ್ದು ಪರದೆಗೆ ಮುತ್ತುತ್ತವೆ. ಆಗ ದೂರದಲ್ಲಿ ಇನ್ನೊಂದು ಜೋರು ದೀಪ ಹಚ್ಚಿಟ್ಟರೆ ಬಹಳಷ್ಟು ಅತ್ತ ಹೋಗುತ್ತವೆ. ಅಡಿಕೆ ಒಳಗೆ ಹೋಗಿ ಮಳೆ ಇನ್ನೂ ಬಾರದ ಏಪ್ರಿಲ್ ಎಲ್ಲಕ್ಕಿಂತ ಒಳ್ಳೆಯದು. ಮಳೆಗಾಲದಲ್ಲಿ ಪ್ರೊಜೆಕ್ಟರನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಲೆನ್ಸಿಗೆ ಬೂಸ್ಟು ಹತ್ತುತ್ತದೆ. ಹರಳಿನ ಬಣ್ಣ ಬದಲಾದರೆ ಅದು ತೇವ ಕುಡಿದಿದೆ, ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಮೂರು ತಾಸು ಒಣಗಿಸಿ ಮತ್ತೆ ಬಳಸಬಹುದು.

ಇನ್ನೊಂದು ವಿಷಯ ಹೇಳಬೇಕು. ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಇತ್ತೀಚೆಗೆ 4ಕೆಯಲ್ಲಿ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಅದು ಸಾಧ್ಯವಾದದ್ದು ಮೂಲ ನೆಗೆಟಿವ್ ಸಂಗ್ರಹದಲ್ಲಿ ಉಳಿದಿದ್ದರಿಂದ. 2024ರ ಆಗಸ್ಟ್ 7ರಂದು ಕಾರವಾರದ ಹಳೆಯ ಕಾಳಿ ಸೇತುವೆ ಕುಸಿಯಿತು. ಆ ಸೇತುವೆಯ ಮೇಲೆ ವಾಹನ ಓಡಾಡುತ್ತಿದ್ದದ್ದನ್ನು ಈಗ ಯಾರೋ ತೆಗೆದ ವಿಡಿಯೊಗಳಲ್ಲಿ ಮಾತ್ರ ನೋಡಬಹುದು. ಮೆಟ್ಟುಗತ್ತಿ, ಕೊನೆಗೌಡನ ಏರುವಿಕೆ, ಕಡಲದಡದಲ್ಲಿ ರಂಪಣಿ ಬಲೆ ಎಳೆಯುವ ಜನರ ಸಾಲು, ಇವೂ ಅದೇ ದಾರಿಯಲ್ಲಿವೆ. ನಿಮ್ಮ ಕೈಯಲ್ಲಿರುವ ಫೋನ್ ಸಾಕು, ದಯವಿಟ್ಟು ದಾಖಲಿಸಿ.

ಹೇಗೆ? ಫೋನ್ ಅಡ್ಡ ಹಿಡಿಯಿರಿ, ಲೆನ್ಸ್ ಒರೆಸಿ. ಅಡುಗೆಮನೆಯ ಜಿಡ್ಡಿನಿಂದಲೇ ಅರ್ಧ ವಿಡಿಯೊ ಮಬ್ಬಾಗುತ್ತದೆ. ಸ್ಟೂಲಿನ ಮೇಲೋ ಅಕ್ಕಿ ಚೀಲದ ಮೇಲೋ ಊರಿ ಇಡಿ. ಕೆಲಸ ಮಾಡುವವರ ಕೈಯಿಂದ 3 ಅಡಿ ದೂರ, ಬೆಳಕು ಕಿಟಕಿಯಿಂದ ಅವರ ಪಕ್ಕಕ್ಕೆ ಬೀಳಲಿ. ಎಲ್‌ಇಡಿ ದೀಪದಲ್ಲಿ ಚಿತ್ರದ ಮೇಲೆ ಕಪ್ಪು ಪಟ್ಟೆ ಓಡಿದರೆ ಶಟರ್ ಅನ್ನು 50ನೇ ಅಥವಾ 100ನೇ ಒಂದಕ್ಕೆ ಇಡಿ, ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ. ಶಟರ್ ಬದಲಿಸಲು ಬಿಡುವ ಪ್ರೊ ಮೋಡ್ ಇಲ್ಲದ ಫೋನಾದರೆ ದೀಪ ಆರಿಸಿ ಹಗಲಲ್ಲಿ ತೆಗೆಯಿರಿ. ಒಂದು ಕೆಲಸ ಆರಂಭದಿಂದ ಮುಗಿಯುವವರೆಗೂ ಒಂದೇ ಶಾಟಿನಲ್ಲಿ ಇರಲಿ; ಎರಡನೇ ಸಲ ಬರೀ ಕೈ, ಮೂರನೇ ಸಲ ಮುಖ. ಕೆಲಸ ನಡೆಯುತ್ತಿರುವಾಗ ಪ್ರಶ್ನೆ ಕೇಳಬೇಡಿ, ಆಮೇಲೆ ಕೂತು ಕೇಳಿ ಬೇರೆಯಾಗಿ ಹಿಡಿಯಿರಿ. ಎಲ್ಲ ಮುಗಿದ ಮೇಲೆ ಒಂದು ನಿಮಿಷ ಸುಮ್ಮನೆ ಜಾಗದ ಸದ್ದು.

ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ, ‘ಡಾಕ್ಯುಮೆಂಟ್’ ಎಂದು ಕಳಿಸಿ. 1080ಪಿ ವಿಡಿಯೊ ನಿಮಿಷಕ್ಕೆ ಸುಮಾರು 60ರಿಂದ 130 ಎಂಬಿ ತಿನ್ನುತ್ತದೆ, ಅರ್ಧ ತಾಸಿನದಕ್ಕೆ 4 ಜಿಬಿ ಇಟ್ಟುಕೊಳ್ಳಿ. ಫೋನಿನಲ್ಲಿ ಒಂದು, ಹಾರ್ಡ್ ಡಿಸ್ಕಿನಲ್ಲಿ ಒಂದು, ಇನ್ನೊಬ್ಬ ಸಂಬಂಧಿಕರ ಮನೆಯಲ್ಲಿ ಒಂದು: ಮೂರು ಪ್ರತಿ. ಫೈಲಿನ ಹೆಸರಿನಲ್ಲೇ ವರ್ಷ, ತಿಂಗಳು, ಊರು, ಕೆಲಸ ಬರೆಯಿರಿ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಕೂಡಲೇ, ಹಾರ್ಡ್ ಡಿಸ್ಕ್ ಹಚ್ಚಿ ಎಲ್ಲ ಫೈಲ್ ತೆರೆಯುತ್ತವೆಯೋ ನೋಡಿ. ಒಂದು ತೆರೆಯದಿದ್ದರೂ ಅದೇ ದಿನ ಇನ್ನೊಂದು ಪ್ರತಿಯಿಂದ ನಕಲು ಮಾಡಿಡಿ.